ಅರ್ಧ ವಿಮಾನ, ಅರ್ಧ ರೋಬೋ: ನಿಲ್ಲಿಸುವ ಕಸುಬು

ರೂಪ ಬದಲಿಸುವ ಆಟಿಕೆಯನ್ನು ವಿಮಾನವಾಗಿ ಮಡಚಿದರೆ ಚಕ್ರಗಳ ಮೇಲೆ ಕೂರುತ್ತದೆ. ಪೂರ್ತಿ ರೋಬೋ ಮಾಡಿದರೆ ತಲೆ, ಸೊಂಟ, ಪಾದ ಒಂದೇ ಗೆರೆಗೆ ಬಂದು ನೆಟ್ಟಗೆ ನಿಲ್ಲುತ್ತದೆ. ಕಷ್ಟವಿರುವುದು ನಡುವಿನ ರೂಪದಲ್ಲಿ. 1982ರಲ್ಲಿ ಜಪಾನಿನ ಟಿವಿಯಲ್ಲಿ ಬಂದ ‘ಮ್ಯಾಕ್ರಾಸ್’ ಸರಣಿಗಾಗಿ ಶೋಜಿ ಕವಾಮೊರಿ ವಿನ್ಯಾಸ ಮಾಡಿದ ವಿಎಫ್-1 ವಾಲ್ಕಿರಿ ಯುದ್ಧವಿಮಾನದಲ್ಲಿ ಈ ನಡುವಿನ ರೂಪಕ್ಕೆ ‘ಗರ್ವಾಕ್’ ಎಂಬ ಸ್ವಂತ ಹೆಸರೇ ಇದೆ. ಮೂತಿ, ರೆಕ್ಕೆ ವಿಮಾನದವೇ. ಎರಡು ಎಂಜಿನ್‌ಗಳು ಕಾಲಾಗಿ ಕೆಳಗಿಳಿದಿರುತ್ತವೆ, ಪಕ್ಕದಿಂದ ಕೈಗಳು ಹೊರಬಂದಿರುತ್ತವೆ. ಟಕಾಟೊಕು ಕಂಪನಿ ಇದರ 1:55 ಅಳತೆಯ ಆಟಿಕೆ ತಂದಿತು. 1985ರಲ್ಲಿ ಹ್ಯಾಸ್ಬ್ರೊ ಅದೇ ಅಚ್ಚಿನ ಆಟಿಕೆಯನ್ನು ಟ್ರಾನ್ಸ್‌ಫಾರ್ಮರ್ಸ್ ಸಾಲಿನ ಜೆಟ್‌ಫೈರ್ ಆಗಿ ಮಾರಿತು. ಇಂಥ ಆಟಿಕೆಯ ಗುಣವನ್ನು ಅಳೆಯಬೇಕಾದದ್ದು ಈ ಅರೆರೂಪದಲ್ಲೇ ಎಂಬುದು ನನ್ನ ವಾದ. ಉಳಿದೆರಡು ರೂಪಗಳಲ್ಲಿ ಕೀಲಿನ ದೋಷ ಮುಚ್ಚಿಹೋಗಬಹುದು, ಇಲ್ಲಿ ಮುಚ್ಚುವುದಿಲ್ಲ.

ಕಾರಣ ಭಾರದ ಹಂಚಿಕೆಯಲ್ಲಿದೆ. ಉದ್ದನೆಯ ಮೂತಿ ಮುಂದಕ್ಕೆ ಚಾಚಿರುವುದರಿಂದ ಆಟಿಕೆ ಮುಗ್ಗರಿಸಲು ನೋಡುತ್ತದೆ. ಇದಕ್ಕೆ ಉತ್ತರ ಹಕ್ಕಿಯ ಕಾಲಿನಲ್ಲಿದೆ. ಹಕ್ಕಿಯ ತೊಡೆಮೂಳೆ ಬಹುಮಟ್ಟಿಗೆ ಅಡ್ಡಡ್ಡವಾಗಿ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಪಾದಗಳು ದೇಹದ ಭಾರಕೇಂದ್ರದ ಕೆಳಗೇ ಬೀಳುತ್ತವೆ. ಗರ್ವಾಕ್‌ನ ಹಿಂಬಾಗಿದ ಮೊಣಕಾಲೂ ಪಾದವನ್ನು ಮುಂದಕ್ಕೆ ತರುತ್ತದೆ. ನೋಟ ಚೆಂದವೆಂದು ಕಾಲನ್ನು ಹಿಂದಕ್ಕೆ ಬಿಟ್ಟರೆ ಬೀಳುವುದು ಖಚಿತ. ಪಾದಗಳನ್ನು ಕಾಕ್‌ಪಿಟ್ಟಿನ ಕಡೆಗೆ ತಂದು, ಕಾಲುಗಳ ನಡುವೆ ಅಗಲ ಕೊಟ್ಟು, ಕೈಗಳನ್ನು ಹಿಂದಕ್ಕೆ ಸರಿಸಬೇಕು. ಭಾರದಿಂದ ಕೀಲಿಗಿರುವ ಅಡ್ಡ ದೂರ ಅರ್ಧವಾದರೆ ಆ ಕೀಲು ತಡೆಯಬೇಕಾದ ತಿರುಚುಬಲವೂ ಅರ್ಧವಾಗುತ್ತದೆ. ಕೀಲನ್ನು ಮುಟ್ಟದೆ, ಭಂಗಿಯೊಂದರಿಂದಲೇ ಸಿಗುವ ಲಾಭವಿದು.

ವಸ್ತುವನ್ನು ಅಲುಗದಂತೆ ನಿಲ್ಲಿಸುವ ಈ ಲೆಕ್ಕ ಚೆನ್ನೈನ ಕೈಗಾರಿಕಾ ಪ್ರದೇಶವಾದ ಅಂಬತ್ತೂರಿಗೆ ಪರಿಚಿತ. 1949ರಲ್ಲಿ ಟಿಐ ಸೈಕಲ್ಸ್ ಕಂಪನಿ ಅಲ್ಲಿ ಬೇರೂರಿತು. 1964ರಲ್ಲಿ ಕೈಗಾರಿಕಾ ಎಸ್ಟೇಟ್ ಶುರುವಾಯಿತು. ಅಚ್ಚು, ಕೆಲಸದ ತುಂಡನ್ನು ಹಿಡಿದಿಡುವ ಜಿಗ್, ಫಿಕ್ಸ್‌ಚರ್ ಮಾಡುವ ಸಣ್ಣ ಘಟಕಗಳು ಬೆಳೆದವು. ಒಂದು ಲೋಹದ ತುಂಡನ್ನು ಅಲುಗದಂತೆ ಕೂರಿಸಲು ಫಿಕ್ಸ್‌ಚರ್ ಮಾಡುವವರು ಅನುಸರಿಸುವ ನಿಯಮ ಮೂರು-ಎರಡು-ಒಂದು: ತಳಕ್ಕೆ ಮೂರು ಬಿಂದು, ಪಕ್ಕಕ್ಕೆ ಎರಡು, ತುದಿಗೆ ಒಂದು. ಸಮತಲವನ್ನು ಮೂರು ಬಿಂದುಗಳೇ ನಿರ್ಧರಿಸುವುದರಿಂದ ನಾಲ್ಕನೆಯದು ಕೂದಲೆಳೆಯಷ್ಟು ತಪ್ಪಿದರೂ ತುಂಡು ಕುಲುಕುತ್ತದೆ. ವಾಲ್ಕಿರಿಯ ಪಾದ ಎರಡಾಗಿ ಸೀಳಿ ಬೆರಳು, ಹಿಮ್ಮಡಿ ಎಂದು ತೆರೆಯುತ್ತದೆ. ಅಲ್ಲಿಗೆ ನೆಲ ಮುಟ್ಟುವ ಜಾಗಗಳು ನಾಲ್ಕು. ಎರಡು ಪಾದಗಳನ್ನೂ ಒಟ್ಟಿಗೆ ಹೊಂದಿಸಹೊರಟರೆ ಅಲುಗಾಟ ನಿಲ್ಲುವುದಿಲ್ಲ. ಮೊದಲು ಒಂದು ಪಾದವನ್ನು ಪೂರ್ತಿ ನೆಲಕ್ಕೆ ಕೂರಿಸಿ ಅದನ್ನೇ ಆಧಾರವೆಂದು ಹಿಡಿದು, ಆಮೇಲೆ ಇನ್ನೊಂದರ ಕಣಕಾಲನ್ನು ತುಸುತುಸುವೇ ತಿರುಗಿಸಬೇಕು.

ಇಷ್ಟೆಲ್ಲ ಯಾಕೆ, ಕೀಲು ಬಿಗಿ ಮಾಡಿದರೆ ಸಾಲದೆ ಎನ್ನುವವರಿದ್ದಾರೆ. ಸವೆದ ಗುಂಡುಕೀಲಿಗೆ ಸೂಪರ್‌ ಗ್ಲೂವಿನ ತೆಳು ಲೇಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸುವುದು ಒಳ್ಳೆಯ ಉಪಾಯವೇ. ಆದರೆ ಮಿತಿ ಮೀರಿ ಬಿಗಿಯಾದ ಕೀಲು ತಿರುಗುವ ಬದಲು ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ತಿರುಚುತ್ತದೆ. ಆ ಜಾಗ ಬೆಳ್ಳಗಾಗಿ ಕೊನೆಗೆ ಸೀಳುತ್ತದೆ. ರೂಪ ಬದಲಿಸುವುದೇ ಪ್ರಾಣವಾದ ಆಟಿಕೆಯಲ್ಲಿ ಚಲನೆಯನ್ನೇ ಕೊಲ್ಲುವ ಪರಿಹಾರವನ್ನು ಒಪ್ಪಲಾಗದು. ಇನ್ನು ಪಾರದರ್ಶಕ ಸ್ಟ್ಯಾಂಡಿನ ಮಾತು. ಹಾರುವ ಭಂಗಿಗೆ ಅದು ಬೇಕೇ ಬೇಕು. ನೆಲಕ್ಕಿಳಿಯುವ ಭಂಗಿಗೂ ಅದೇ ಎಂದರೆ ಕಾಲುಗಳು ಅಲಂಕಾರವಾಗಿ ಉಳಿಯುತ್ತವೆ. ಆದರೂ ಸ್ಟ್ಯಾಂಡಿನ ಪರ ಒಂದು ಬಲವಾದ ಮಾತಿದೆ: ಸತತ ಭಾರ ಹೊತ್ತ ಪ್ಲಾಸ್ಟಿಕ್ ನಿಧಾನವಾಗಿ ಬಾಗುತ್ತದೆ, ಚೆನ್ನೈನ ಮೇ ತಿಂಗಳ ಸೆಕೆಯಲ್ಲಿ ಮೆದು ಪಿವಿಸಿ ಭಾಗಗಳು ಇನ್ನೂ ಬೇಗ. ತಿಂಗಳುಗಟ್ಟಲೆ ಕಪಾಟಿನಲ್ಲಿಡುವುದಾದರೆ ಭಂಗಿಯನ್ನು ಮೊದಲು ಪಾದಗಳ ಮೇಲೇ ಸಾಧಿಸಿ, ಆನಂತರ ಮೂತಿಯ ಕೆಳಗೆ ಸಣ್ಣ ಆಸರೆ ಕೊಡುವುದು ಸರಿ. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕದಲ್ಲಂತೂ ಇಡಬಾರದು.