ಗುಡ್ಡಕ್ಕೂ ಬಿಡುವು ಬೇಕು



ಗುಡ್ಡದಲ್ಲಿ ದನಗಳಿಗೆ ಮೇವು ಸಾಲದಿದ್ದರೆ ನಾವು ಮಳೆಯನ್ನು ದೂರುತ್ತೇವೆ. ಮಳೆಯೊಂದೇ ಕಾರಣವಲ್ಲ.

ಬೀಜ ಕಟ್ಟುವ ಮೊದಲೇ ದನ, ಆಡುಗಳು ಮತ್ತೆ ಮತ್ತೆ ಮೇದರೆ ಹುಲ್ಲಿನ ಬೇರು ಕುಗ್ಗುತ್ತದೆ. ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹುಲ್ಲು ಸತ್ತ ಜಾಗದಲ್ಲಿ ಲಂಟಾನ ಹಬ್ಬುತ್ತದೆ.

ಈಗ ಹವಾಮಾನವೂ ಬದಲಾಗುತ್ತಿದೆ. ಬಿಸಿಲು ಏರುತ್ತಿದೆ, ಬಂದ ಮಳೆ ಒಮ್ಮೆಲೇ ರಭಸವಾಗಿ ಸುರಿಯುತ್ತದೆ. ಬೋಳು ನೆಲ ಈ ಎರಡನ್ನೂ ತಾಳಲಾರದು. 2016ರಲ್ಲಿ ಹಿಂಗಾರು ಕೈಕೊಟ್ಟು, 2017ರ ಜನವರಿಯಲ್ಲಿ ತಮಿಳುನಾಡಿನ ಎಲ್ಲ ಜಿಲ್ಲೆಗಳನ್ನೂ ಬರಪೀಡಿತವೆಂದು ಸಾರಲಾಯಿತು. ಮೇವಿಲ್ಲದೆ ದನ ಮಾರಿದ ಮನೆಯಲ್ಲಿ ಹೊಲಕ್ಕೆ ಗೊಬ್ಬರವಿಲ್ಲ, ಮಕ್ಕಳಿಗೆ ಹಾಲಿಲ್ಲ. ನಮ್ಮ ಧರ್ಮಪುರಿ ಜಿಲ್ಲೆಯ ಆಲಂಬಾಡಿ ತಳಿ ಬೆಟ್ಟದ ಮೇವಿನಿಂದಲೇ ಬಲಿತದ್ದು. ಇಂದು ಅದೂ ವಿರಳ.

ಏನು ಮಾಡೋಣ? ಊರವರು ಕೂಡಿ ಮೇಯಿಸುವ ಗುಡ್ಡವನ್ನು ಮೂರು ಪಾಲು ಮಾಡೋಣ. ವರ್ಷಕ್ಕೊಂದು ಪಾಲಿಗೆ ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ ದನ ಬಿಡುವುದು ಬೇಡ. ಆ ತಿಂಗಳುಗಳಿಗಾಗಿ ರಾಗಿ ಹುಲ್ಲನ್ನು ಮೆದೆಯಲ್ಲಿ ಉಳಿಸಿ, ಬದುವಿನಲ್ಲಿ ಅಗಸೆ ಮರ ಬೆಳೆಸೋಣ. ಹೊಸ ಚಿಗುರಿನ ಆಸೆಗೆ ಗುಡ್ಡಕ್ಕೆ ಬೆಂಕಿ ಇಡುವುದು ಬೇಡ. ಉದುರಿದ ಬೀಜವೂ ಸುಟ್ಟುಹೋಗುತ್ತದೆ. ಕಾಯ್ದಿಟ್ಟ ಕಾಡಿನಲ್ಲಿ ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡೇ ನಡೆಯೋಣ.

ಇನ್ನೊಂದು ಎಚ್ಚರಿಕೆ: ಹಸಿದ ದನ ಲಂಟಾನ ಸೊಪ್ಪು ತಿಂದರೆ ಪಿತ್ತಜನಕಾಂಗ ಕೆಡುತ್ತದೆ. ಕಣ್ಣು ಹಳದಿಯಾಗಿ, ಬಿಸಿಲು ತಾಗಿದ ಚರ್ಮ ಬಿರಿಯುತ್ತದೆ. ಅಂಥ ದನವನ್ನು ನೆರಳಿನಲ್ಲಿ ಕಟ್ಟಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.

ದುಡಿದ ಎತ್ತಿಗೆ ನೊಗ ಇಳಿಸಿ ನೆರಳು ಕೊಡುವವರು ನಾವು. ಮೇವು ಕೊಟ್ಟ ಗುಡ್ಡಕ್ಕೂ ಅಷ್ಟು ಕರುಣೆ ತೋರೋಣ.