ನಿಮಗಿದು ಗೊತ್ತೇ? ಹಳೇ ಕಾರಿನ ಕಿಡಿ, ಪರದೆಯ ಮೇಲಿನ ಗೆರೆ

• ನಿಂತಲ್ಲಿ ನೆಟ್ಟಗೆ ಓಡುವ ಹಳೇ ಫಿಯೆಟ್ಟು ಬೆಂಗಳೂರಿನ ಲಿಂಗರಾಜಪುರದ ಮೇಲ್ಸೇತುವೆ ಏರುವಾಗ ಮಾತ್ರ ಏಕೆ ಕೆಮ್ಮುತ್ತದೆ? ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್ಗು, ಸೋರುವ ತಂತಿ ಸೋಲುವುದು ಆಗಲೇ. ಕಿಡಿಯ ವೋಲ್ಟೇಜನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಇಗ್ನಿಷನ್ ಆಸಿಲೋಸ್ಕೋಪ್ ಜೋಡಿಸಿ, ಕಾರು ನಿಂತಲ್ಲೇ ಗಕ್ಕನೆ ರೇಸ್ ಕೊಟ್ಟರೂ ಸಾಕು, ಆ ದೋಷ ಪರದೆಯಲ್ಲಿ ಬಯಲಾಗುತ್ತದೆ.

• ಬ್ಯಾಟರಿ ಬರೀ 12 ವೋಲ್ಟ್. ಐಡ್ಲಿಂಗಿನಲ್ಲೇ ಪ್ಲಗ್ಗು ಕೇಳುವುದು ಸುಮಾರು 5ರಿಂದ 10 ಸಾವಿರ ವೋಲ್ಟ್! ಕಿಡಿಯ ಆಯುಷ್ಯ ಮಾತ್ರ 1–2 ಮಿಲಿಸೆಕೆಂಡ್.

• ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಕಿಡಿ ಹಾರಿಸುತ್ತದೆ.

• ಪರದೆಯಲ್ಲಿ ಸಿಲಿಂಡರುಗಳ ಗೆರೆಗಳು ನಿಲ್ಲುವುದು 1-2-3-4 ಎಂದಲ್ಲ, ಕಿಡಿ ಹಾರುವ ಸರದಿಯಲ್ಲಿ. ಅಂಬಾಸಿಡರ್, ಫಿಯೆಟ್ 1100ಕ್ಕೆ 1-3-4-2. ಮೂರೇ ಸಿಲಿಂಡರಿನ ಮಾರುತಿ 800ಕ್ಕೆ 1-3-2.

• ಒಂದೇ ಗೆರೆ ಎತ್ತರವಾಗಿದ್ದರೆ ಆ ಪ್ಲಗ್ಗಿನ ಗ್ಯಾಪ್ ಹಿಗ್ಗಿದೆ ಅಥವಾ ತಂತಿ ತುಂಡಾಗಿದೆ. ಒಂದೇ ಗೆರೆ ಕುಳ್ಳಗಿದ್ದರೆ ಪ್ಲಗ್ಗಿಗೆ ಮಸಿ ಹಿಡಿದಿದೆ, ಇಲ್ಲವೇ ಕಂಪ್ರೆಷನ್ ಇಳಿದಿದೆ.

• ಇಡೀ ಚಿತ್ರವೇ ತಲೆಕೆಳಗಾಗಿದೆಯೇ? ಪರದೆ ಕೆಟ್ಟಿದೆ ಎಂದುಕೊಳ್ಳಬೇಡಿ. ಯಾರೋ ಇಗ್ನಿಷನ್ ಕಾಯಿಲ್ಲಿನ ಪ್ಲಸ್-ಮೈನಸ್ ಅದಲುಬದಲು ಮಾಡಿದ್ದಾರೆ.

• ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಗ್ಯಾಪ್ ಬದಲಾದರೆ ಕಿಡಿಯ ಟೈಮಿಂಗ್ ಕೂಡ ಬದಲಾಗುತ್ತದೆ. ಆದ್ದರಿಂದ ಮೊದಲು ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ), ಆಮೇಲೆ ಟೈಮಿಂಗ್. ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿಗೆ ಡ್ವೆಲ್ 60 ಡಿಗ್ರಿ, ಮೂರು ಡಿಗ್ರಿ ಆಚೀಚೆ.

• ಬೆಂಗಳೂರಿನದೇ ಕಾರು ಸಿಪಾನಿ ಡಾಲ್ಫಿನ್‌ಗೆ ಫೈಬರ್ ಮೈ. ಉಪಕರಣದ ಅರ್ಥ್ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ ಪ್ರಯೋಜನವಿಲ್ಲ, ಎಂಜಿನ್ನಿಗೇ ಹಾಕಬೇಕು.

• ಸ್ಪಾರ್ಕ್ ಪ್ಲಗ್ಗಿಗೆ ಮನೆಮಾತಾದ ಮೈಕೊ 1951ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಬಡಾವಣೆ ಇನ್ನೂ ಮೈಕೊ ಲೇಔಟೇ.

• 1940ರಲ್ಲಿ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆ (ಇಂದಿನ ಎಚ್‌ಎಎಲ್) ಕಟ್ಟಿದ ವಾಲಚಂದ್ ಹೀರಾಚಂದರೇ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದರು. ನಮ್ಮ ಫಿಯೆಟ್, ಪದ್ಮಿನಿ ಎರಡೂ ಅಲ್ಲಿಂದ ಬಂದವು.

• ಕಿಡಿ ತೋರಿಸುವ ಇಂಥ ಪರದೆ ವಿಮಾನದೊಳಗೂ ಇತ್ತು! ಸೂಪರ್ ಕಾನ್‌ಸ್ಟೆಲೇಷನ್ ವಿಮಾನದ ನಾಲ್ಕು ಎಂಜಿನ್‌ಗಳಿಗೆ ಒಟ್ಟು 144 ಪ್ಲಗ್ಗು. ಎಡವಟ್ಟಾದ ಪ್ಲಗ್ಗು ಯಾವುದೆಂದು ಫ್ಲೈಟ್ ಎಂಜಿನಿಯರ್ ಹಾರುತ್ತಲೇ ಪತ್ತೆ ಹಚ್ಚಬಹುದಿತ್ತು.

• ಷಿಕಾಗೋದ ಸನ್ ಎಲೆಕ್ಟ್ರಿಕ್ ಗ್ಯಾರೇಜಿನ ಇಂಥ ಪರದೆ ಯಂತ್ರಗಳಿಗೆ ದೊಡ್ಡ ಹೆಸರು. 1992ರಲ್ಲಿ ಅದನ್ನು ಸ್ನ್ಯಾಪ್-ಆನ್ ಕೊಂಡಿತು.

• ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಜೆಟ್ ಬದಲಿಸದ ಹಳೇ ಕಾರ್ಬ್ಯುರೇಟರಿನಲ್ಲಿ ಇದರಿಂದ ಮಿಶ್ರಣ ತೆಳುವಾಗುತ್ತದೆ. ಪರದೆಯ ಎಲ್ಲ ಗೆರೆಗಳೂ ಒಟ್ಟಿಗೇ ಎತ್ತರವಾದರೆ ಅನುಮಾನಿಸಬೇಕಾದದ್ದರಲ್ಲಿ ಇದೂ ಒಂದು.

• 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆಮೇಲೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಬಂಕ್, ರಿಪೇರಿಗೆ ಅಡ್ಡಿಯಿಲ್ಲ. ಅಂದರೆ ಟ್ಯೂನಿಂಗಿಗೆಂದು ಗ್ಯಾರೇಜಿಗೆ ಧಾರಾಳವಾಗಿ ಹೋಗಿಬನ್ನಿ!