ಪಾಚಿಯಲ್ಲ, ಹೂಗಿಡ

ರಾಯಬಾಗ ಸೀಮೆಯಲ್ಲಿ ನಿಂತ ನೀರಿನ ಮೇಲಿನ ಹಸುರನ್ನೆಲ್ಲ ಪಾಚಿಯೆಂದು ಕರೆದು ಮುಂದೆ ಸಾಗುವುದು ನಮ್ಮ ರೂಢಿ. ಒಂದು ಬೊಗಸೆ ನೀರನ್ನು ಬಿಳಿಯ ಬಟ್ಟಲಿಗೆ ಸುರಿದು ನೋಡಿರಿ. ಎಳೆಎಳೆಯಾಗಿ ಕೈಗಂಟುವುದು ಪಾಚಿ. ಬಿಡಿಬಿಡಿಯಾಗಿ ತೇಲುವ ಹಸುರು ಚುಕ್ಕೆಗಳು ಹೂಬಿಡುವ ಸಸ್ಯಗಳಾಗಿರಬಹುದು. ಒಂದೇ ಬೇರನ್ನು ಇಳಿಬಿಟ್ಟದ್ದು ಲೆಮ್ನಾ. ಬೇರೇ ಇಲ್ಲದ, ರವೆಯ ಕಾಳಿನಷ್ಟು ಸಣ್ಣದು ವುಲ್ಫಿಯ. ಜಗತ್ತಿನ ಹೂಗಿಡಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ. ಒಂದು ಕೇಸರ, ಒಂದು ಅಂಡಾಶಯ: ಅದರ ಹೂವಿನ ಸಂಸಾರವೆಲ್ಲ ಇಷ್ಟೇ. ಇಷ್ಟರಲ್ಲೇ ಅಧ್ಯಯನದ ವಿಷಯವನ್ನು ಕಂಡ ಸತೀಶಚಂದ್ರ ಮಾಹೇಶ್ವರಿಯವರು 1954ರಲ್ಲಿ ಇದರ ಭ್ರೂಣಶಾಸ್ತ್ರವನ್ನು ಕುರಿತು ಬರೆದರು. ಥಾಯ್ಲೆಂಡಿನ ಜನ ಇದನ್ನು 'ನೀರಿನ ಮೊಟ್ಟೆ'ಯೆಂದು ಕರೆದು ಉಣ್ಣುತ್ತಾರೆ.

ಮನೆಯ ಮೀನುತೊಟ್ಟಿಯಲ್ಲಿ ಇದನ್ನು ಸಾಕುವುದು ಸುಲಭ. ಚಹಾ ಸೋಸುವ ಜರಡಿಯಲ್ಲಿ ತೊಳೆದು, ಒಂದು ವಾರ ಬೇರೆ ಪಾತ್ರೆಯಲ್ಲಿಡಬೇಕು. ಮೀನುಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿ ಅದರೊಡನೆ ಬಂದೀತು. ಬೆಳಕಿರಲಿ, ನೀರು ಹೆಚ್ಚು ಅಲುಗದಿರಲಿ. ಅನುಕೂಲವಾದರೆ ಎರಡು ಮೂರು ದಿನಗಳಲ್ಲಿ ಇಮ್ಮಡಿಸುತ್ತದೆ. ಆಗಾಗ ಅರ್ಧವನ್ನು ತೆಗೆಯದಿದ್ದರೆ ಕೆಳಗಿನ ಗಿಡಗಳಿಗೆ ಬೆಳಕೇ ಸಿಕ್ಕದು.

ತೆಗೆದುದನ್ನು ಹೂಕುಂಡಕ್ಕೆ ಹಾಕಿರಿ. ಘಟಪ್ರಭಾ ಕಾಲುವೆಗಾಗಲಿ ಕುಡಚಿಯ ಕೃಷ್ಣೆಗಾಗಲಿ ಬೇಡ. ತೊಟ್ಟಿಯ ಶೋಭೆಗೆಂದು ಕೊಂಡು ತರುವ ತೇಲುಗಿಡಗಳ ವಿಷಯದಲ್ಲಂತೂ ಈ ಎಚ್ಚರ ಅಗತ್ಯ. ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ಜರೀಗಿಡ ಕೇರಳದ ಕಾಲುವೆಗಳಲ್ಲಿ ದೋಣಿಗೆ ದಾರಿ ಬಿಡದಷ್ಟು ಹಬ್ಬಿತ್ತು. ಅದನ್ನೇ ತಿನ್ನುವ ಮೂತಿಹುಳುವನ್ನು ಆಸ್ಟ್ರೇಲಿಯದಿಂದ ತರಿಸಿ, 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆಯ ಕೊಳದಲ್ಲಿ ಬಿಟ್ಟರು. 11 ತಿಂಗಳಲ್ಲಿ ಜರೀಗಿಡ ಕುಸಿದು, ನೀರು ಮತ್ತೆ ಕಾಣಿಸಿಕೊಂಡಿತು.